ಶೆಡ್ಡಿನ ಮೂಗು

ಏಳು ಬೀದಿಯಾಚೆ ಯಾರಾದರೂ ಬೆಂಕಿಕಡ್ಡಿ ಗೀರಿದರೆ, ಅದು ಪೆಟ್ಟಿಗೆಯ ಎಷ್ಟನೆಯ ಕಡ್ಡಿ ಎಂದು ನನ್ನ ಮೂಗು ಹೇಳುತ್ತದೆ. ನಾನು ಹುಟ್ಟಿದ ಗಳಿಗೆಯಲ್ಲೇ, ಸೂಲಗಿತ್ತಿ ಏನು ಉಂಡು ಬಂದಿದ್ದಾಳೆಂದು ಪತ್ತೆ ಹಚ್ಚಿ ಮೂತಿ ತಿರುವಿದ ಮೂಗು ಇದು.

ನಮ್ಮದು ನೆಲ-ಕಕ್ಕಸು ತೊಳೆಯುವ ದ್ರಾವಣವನ್ನು ಬಾಟಲಿಗೆ ತುಂಬುವ ಆರು ಜನರ ಶೆಡ್ಡು. ಒಂದು ಮೂಲೆಯಲ್ಲಿ ಆಸಿಡ್, ಇನ್ನೊಂದರಲ್ಲಿ ಬ್ಲೀಚು. ಇವೆರಡೂ ಒಂದೇ ತೊಟ್ಟಿಗೆ ಬಿದ್ದವೋ, ಏಳುವ ವಿಷಗಾಳಿಗೆ ಪಕ್ಕದಲ್ಲಿ ನಿಂತವರು ಬಾಗಿಲು ಮುಟ್ಟುವುದಿಲ್ಲ. ಪೀಪಾಯಿಗಳ ಮೇಲೆ ಚೀಟಿ ಇರುತ್ತಿರಲಿಲ್ಲ. ಕೆಮಿಸ್ಟ್ ಒಬ್ಬರನ್ನು ಇಡೋಣವೇ ಎಂದು ಯಾರೋ ಕೇಳಿದ್ದಕ್ಕೆ, ಹಿಂದೆ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಯಜಮಾನರು ನನ್ನ ಹೆಗಲು ತಟ್ಟಿ, ಈ ಮೂಗಪ್ಪ ಇರುವಾಗ ಅದೆಲ್ಲ ದಂಡ ಎಂದಿದ್ದರು. ಅಂದಿನಿಂದ ಪ್ರತಿ ಪೀಪಾಯಿಯೂ ನನ್ನ ಮೂಗಿಗೆ ಸಲಾಮು ಹೊಡೆದೇ ಒಳಗೆ ಬರುತ್ತಿತ್ತು. ಮುಚ್ಚಳ ಬಿಚ್ಚುವುದೂ ನಾನೇ; ಬೇರೆಯವರಿಗೆ ಮುಟ್ಟಲು ಬಿಟ್ಟವನಲ್ಲ.

ಹೋದ ತಿಂಗಳು ನನ್ನ ತಂಗಿಯೂ ಕೆಲಸಕ್ಕೆ ಸೇರಿದಳು. ಬ್ಲೀಚಿನ ತೊಟ್ಟಿ ಅವಳದು. ಮೊನ್ನೆ ಎರಡು ಪೀಪಾಯಿ ಬಂದವು, ಒಂದು ಆಸಿಡ್, ಒಂದು ಬ್ಲೀಚು. ಎರಡರ ಮುಚ್ಚಳವನ್ನೂ ಬಿಚ್ಚಿ, ಕಣ್ಣು ಮುಚ್ಚಿ, ಗತ್ತಿನಿಂದ ಒಮ್ಮೆ ಉಸಿರೆಳೆದು, ಎಡಗಡೆಯದು ಬ್ಲೀಚು, ತೊಟ್ಟಿಗೆ ಸುರಿ ಎಂದೆ. ಅವಳು ಸುರಿಯಲಿಲ್ಲ. ಒಳಗಿನಿಂದ ಎರಡು ಲೋಟ ತುಂಬಿ ತಂದು ಮುಂದಿಟ್ಟಳು.

“ಇದರಲ್ಲಿ ಯಾವುದು ಯಾವುದು, ಹೇಳಣ್ಣ.”

ಇದೇನು ಮಹಾ! ಮೊದಲನೆಯದನ್ನು ಮೂಸಿ ಮುಖ ಕಿವುಚಿದೆ. ಆಸಿಡ್, ಅದೂ ನಮ್ಮಪ್ಪನ ಕೋಪದಷ್ಟು ಖಡಕ್ಕು. ಎರಡನೆಯದಕ್ಕೆ ಎರಡು ಸಲ ಸೀನಿಯೂ ತೋರಿಸಿದೆ. ಬ್ಲೀಚು. ಅಲ್ಲೇ ಕೂತಿದ್ದ ಯಜಮಾನರು ಹೆಮ್ಮೆಯಿಂದ ತಲೆದೂಗಿದರು.

ತಂಗಿ ಲೋಟಗಳನ್ನೆತ್ತಿ ಒಂದಾದ ಮೇಲೊಂದು ಗಟಗಟನೆ ಕುಡಿದಳು. ಯಜಮಾನರು ಹೌಹಾರಿ ಎದ್ದುನಿಂತರು.

“ಕುಡಿಯೋ ನೀರು,” ಎಂದು ಬಾಯಿ ಒರೆಸಿಕೊಂಡಳು. “ಹೋದ ವಾರ ಮನೇಲಿ ನಿನ್ನ ಮಗ್ಗುಲಲ್ಲೇ ಹಾಲು ಸೀದು ಪಾತ್ರೆ ಕರ್ರಗಾದ್ರೂ ಪೇಪರ್ ಓದ್ತಾ ಕೂತಿದ್ಯಲ್ಲ, ಆಗ್ಲೇ ಅನುಮಾನ ಬಂತು. ವಾಸನೆ ಹೋಗಿ ಎಷ್ಟು ದಿನ ಆಯ್ತು?”

ಈ ಸಲ ನನ್ನ ನಾಲಗೆಗೆ ಬಡಾಯಿ ಹೊಳೆಯಲಿಲ್ಲ. ನಾಲ್ಕು ವರ್ಷ ಎಂದೆ. ಮೂಗನ್ನು ಈ ಶೆಡ್ಡಿನ ಗಾಳಿಯೇ ತಿಂದುಹಾಕಿತ್ತು.

“ಮತ್ತೆ ಇಷ್ಟು ದಿನ ಹೇಗಯ್ಯಾ ಹೇಳ್ತಿದ್ದೆ?” ಯಜಮಾನರು ಪೀಪಾಯಿಗಳಿಂದ ಹಿಂದೆ ಸರಿದರು.

“ಮುಚ್ಚಳದೊಳಗಿನ ರಬ್ಬರ್ ವಾಷರ್ ನೋಡಿ, ಯಜಮಾನ್ರೇ. ಕೆಂಪು ವಾಷರ್ ಇದ್ರೆ ಆಸಿಡ್, ಕಪ್ಪು ಇದ್ರೆ ಬ್ಲೀಚು.”

ತಂಗಿ ಎರಡೂ ಮುಚ್ಚಳಗಳನ್ನು ಮಗುಚಿ ಹಿಡಿದಳು. ಎರಡರದ್ದೂ ಕಪ್ಪು.

“ಇವತ್ತು ಏನು ನೋಡಿ ಹೇಳ್ದೆ?”

ಅವಳ ಮುಖ ನೋಡಲಾಗದೆ ತೊಟ್ಟಿಯ ಕಡೆ ತಿರುಗಿದೆ.

“ಅಂದಾಜು,” ಎಂದೆ.