ಪೊಟ್ಯಾಶಿಲ್ಲದ ಸೀಕರಣಿ

ಬಟ್ಟಲು ಗಂಡನ ತುಟಿಗೆ ತಾಗುವಷ್ಟರಲ್ಲಿ ಕಸ್ತೂರೆವ್ವ ಅದನ್ನು ಕಸಿದು ನೆಲಕ್ಕಿಟ್ಟು, ಮೇಲೊಂದು ತಾಟು ಮುಚ್ಚಿದಳು. ಅವಳು ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿ ಬರುವುದರೊಳಗೆ ಈರಬಸಪ್ಪ ಹಿತ್ತಲಿನ ಮಾವಿನ ಹಣ್ಣು ಹಿಂಡಿ, ಹಾಲು ಬೆಲ್ಲ ಬೆರೆಸಿ, ಏಲಕ್ಕಿ ಸಹ ಕುಟ್ಟಿ ಹಾಕಿ ಸೀಕರಣಿ ಮಾಡಿಕೊಂಡಿದ್ದ. ಹುಟ್ಟಿದಾಗಿನಿಂದ ಒಂದು ಕಪ್ ಚಹಾ ಕಾಸಿಕೊಂಡ ಮನುಷ್ಯನಲ್ಲ!

"ಹುಬ್ಬಳ್ಳಿ ಡಾಕ್ಟರು ಹೇಳಿದ್ದು ಮರತ್ರೇನು?"

"ಮರತಿಲ್ಲ. ನೆನಪಿಟ್ಟುಕೊಂಡ ಮಾಡೇನಿ."

ಡಾಕ್ಟರು ಹೇಳಿದ್ದನ್ನು ಅವಳೂ ಬಾಜೂಕೇ ನಿಂತು ಕೇಳಿದ್ದಳು. ಕಿಡ್ನಿ ಸೋತಿವೆ. ಮಾವು, ಬಾಳೆ, ಎಳನೀರು ಬೇಡ. ಅವುಗಳಲ್ಲಿರುವ ಪೊಟ್ಯಾಶಿಯಂ ಹೊರಗೆ ಹೋಗದೆ ರಕ್ತದಲ್ಲೇ ಉಳಿದರೆ, ಬಡಿಯುವ ಎದೆ ಹಾಗೇ ನಿಂತುಬಿಡುತ್ತದೆ. ಹಿಂಡಿ ಕುಡಿದರಂತೂ ನಾಲ್ಕು ಹಣ್ಣು ಒಮ್ಮೆಲೇ ನುಂಗಿದಂತೆ.

"ಪೊಟ್ಯಾಶ್ ಅಂದ್ರ ಏನ ಹೇಳು? ಗ್ರಾಮಸೇವಕ ಹೊಲಕ್ಕ ಹಾಕ್ರಿ ಅಂತಾನಲ್ಲ, ಆ ಚೀಲದ ಗೊಬ್ಬರ. ಅದನ್ನ ಉಂಡ ಗಿಡದ ಹಣ್ಣಿನಾಗ ಅದು ಇರತೈತಿ, ಒಪ್ಪಿದೆ. ನಮ್ಮ ಗಿಡಕ್ಕ ನಾ ಹಾಕಿದ್ದು ಬರೇ ತಿಪ್ಪಿ ಗೊಬ್ಬರ. ಪೊಟ್ಯಾಶ್ ಏನ ಮ್ಯಾಲಿಂದ ಉದುರತೈತೇನು?"

ಕಸ್ತೂರೆವ್ವನಿಗೆ ಆ ಮಾತು ಸರಿಯೆಂದೇ ತೋರುತ್ತಿತ್ತು. ಅವಳ ಹೆದರಿಕೆಯೂ ಅದೇ ಆಗಿತ್ತು. ಗಂಡನ ಪಾದಗಳು ನೆನೆದ ಕಣಕದ ಹಾಗೆ ಉಬ್ಬಿದ್ದವು. ಬೆಳಿಗ್ಗೆ ಎಣ್ಣೆ ಹಚ್ಚುವಾಗ ಅವಳ ಬೆರಳು ಒತ್ತಿದಲ್ಲೆಲ್ಲ ಕುಣಿ ಬಿದ್ದು, ಎಷ್ಟು ಹೊತ್ತಾದರೂ ಏಳಲೊಲ್ಲದಾಗಿತ್ತು.

ಅಷ್ಟರಲ್ಲಿ ಎತ್ತು ಕಟ್ಟಿ ಮೈದುನ ಶಂಕ್ರಪ್ಪ ಒಳಗೆ ಬಂದ. ಅಣ್ಣ ಜಡ್ಡಿಗೆ ಬಿದ್ದಾಗಿನಿಂದ ಹೊಲ ಹಿತ್ತಲ ಎಲ್ಲ ಅವನದೇ ಉಸ್ತುವಾರಿ.

"ಶಂಕ್ರಪ್ಪಾ, ನಮ್ಮ ಮಾವಿನ ಗಿಡಕ್ಕ ಪೊಟ್ಯಾಶ್ ಹಾಕಿಯೋ ಇಲ್ಲೋ?" ಗಂಡನ ಬೆನ್ನ ಹಿಂದೆ ನಿಂತು ಕಣ್ಣು ದೊಡ್ಡದು ಮಾಡಿ ಕೇಳಿದಳು.

"ಯಾರರ ಮಾವಿನ ಗಿಡಕ್ಕ ಪೊಟ್ಯಾಶ್..." ಎಂದು ನಗುತ್ತಿದ್ದವನು ಅಲ್ಲಿಗೇ ನಿಂತ. ವೈನಿಯ ಕಣ್ಣು ನೋಡಿದ. ತಾಟು ಮುಚ್ಚಿದ ಬಟ್ಟಲು ನೋಡಿದ. ಅಣ್ಣನ ಕಾಲು ನೋಡಿದ. "...ಹಾಕಲಾರದ ಬಿಡ್ತಾರೇನ್ರಿ ವೈನಿ? ನಾನ ಹಾಕೇನಿ. ಅರ್ಧ ಚೀಲ."

"ನನ್ನ ಕೇಳಲಾರದ? ಸುಳ್ಳ ಹೇಳಬ್ಯಾಡಲೇ!"

"ಇಲ್ಲಂದ್ರ ಈ ವರ್ಷ ಟೊಂಗಿ ಮುರಿಯೂವಂಗ ಕಾಯಿ ಹಿಡೀತಿತ್ತೇನೋ ಅಣ್ಣಾ?"

ಈರಬಸಪ್ಪ ಹಿತ್ತಲ ಬಾಗಿಲಿನಿಂದ ಗಿಡವನ್ನು ದಿಟ್ಟಿಸಿದ. ಕಾಯಿ ಹಿಡಿದದ್ದಂತೂ ಖರೆ. ಬಟ್ಟಲಿನತ್ತ ಚಾಚಿದ ಕೈ ನಿಧಾನವಾಗಿ ಹಿಂದೆ ಬಂತು.

ಕಸ್ತೂರೆವ್ವ ತಡಮಾಡದೆ ತಾಟು ತೆಗೆದು ಬಟ್ಟಲನ್ನು ಮೈದುನನ ಕೈಗಿಟ್ಟಳು. "ತಗೋ, ನೀ ಕುಡಿ. ಗಟ್ಟಿ ಇದ್ದಾವರಿಗೆ ಏನೂ ಆಗೂದಿಲ್ಲಂತ."

ಶಂಕ್ರಪ್ಪನಿಗೆ ಅಣ್ಣನ ಮುಖ ನೋಡಲಾಗಲಿಲ್ಲ. ಬಟ್ಟಲು ಹಿಡಿದು ಅಡಿಗೆಮನೆಯ ಕಡೆ ಜಾರತೊಡಗಿದ.

"ಎಲ್ಲಿ ಹೊಂಟೀಲೇ?" ಈರಬಸಪ್ಪ ಲೋಡಿಗೆ ಒರಗಿ ನೆಟ್ಟಗೆ ಕೂತ. "ಇಲ್ಲೇ ನನ್ನೆದುರಿಗೆ ಕೂತ ಸಾವಕಾಶ ಕುಡಿ. ಕಣ್ಣಿಗಿ ಪಥ್ಯ ಹೇಳಿಲ್ಲ ಡಾಕ್ಟರು."