ಗುಂಡ್ಯಾನ ಸರದಿ

ಸೂಜಿಯ ತುದಿಯಲ್ಲಿ ಔಷಧದ ಹನಿ ಕಾಣಿಸಿಕೊಂಡ ಕೂಡಲೇ ಬಸವರಾಜ ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕಿಳಿದ. ಶಾಮಲಾ ಅವನ ಕೈಯಿಂದ ಸಿರಿಂಜನ್ನು ಬಿಡಿಸಿಕೊಂಡು ಮುಖಕ್ಕೆ ನೀರು ಚಿಮುಕಿಸಿದಳು. ಚುಚ್ಚಿಸಿಕೊಳ್ಳಬೇಕಾಗಿದ್ದ ಮುದಿ ನಾಯಿ ಗುಂಡ್ಯಾ, ಹತ್ತಿರ ಬಂದು ಅವನ ಕಿವಿಯನ್ನು ಮೂಸಿ ನೋಡಿತು.

“ನಾಯಿ ಅಂದ್ರ ನನಗ ಜೀವ ಐತ್ರಿ ಅಕ್ಕಾರ,” ಎಂದ ಬಸವರಾಜ, ಕಣ್ಣು ಮುಚ್ಚಿಕೊಂಡೇ. “ಬೇಕಾದ್ರ ಜಳಕಾ ಮಾಡಸ್ತೀನಿ, ಕಾಚಿಗುಡಾ ಪೂರಾ ತಿರುಗಿಸ್ಕೊಂಡು ಬರ್ತೀನಿ. ಈ ಸೂಜಿ ಮಾತ್ರ ನಕ್ಕೋ, ಬ್ಯಾಡ್ರಿ.”

ಪಕ್ಕದ ಮನೆಯ ಬಸವರಾಜನೇ ಕೊನೆಯ ಆಸೆಯಾಗಿದ್ದ. ಅಂದು ಸಂಜೆಯ ರೈಲಿಗೆ ಶಾಮಲಾ ಗುಲ್ಬರ್ಗಕ್ಕೆ ಹೊರಡಬೇಕಿತ್ತು. ಒಬ್ಬನೇ ತಮ್ಮನ ಮದುವೆ; ಮದುಮಗನ ಬೆನ್ನಿಗೆ ಕಳಸ ಹಿಡಿದು ನಿಲ್ಲಬೇಕಾದ ಕಳಸಗಿತ್ತಿ ಅವಳೇ. ಗಂಡ ಮದುವೆಯ ಸಾಮಾನಿನೊಡನೆ ಮುಂದೆ ಹೋಗಿಯಾಗಿತ್ತು. ಆದರೆ ಸಕ್ಕರೆ ಕಾಯಿಲೆಯ ಗುಂಡ್ಯಾನಿಗೆ ಬೆಳಿಗ್ಗೆ, ಸಂಜೆ ಇನ್ಸುಲಿನ್ ತಪ್ಪುವಂತಿರಲಿಲ್ಲ. ಓಣಿಯ ಕಂಪೌಂಡರನನ್ನು ಕೇಳಿದ್ದಕ್ಕೆ, ತಾನು ಸೂಜಿ ಹಾಕುವುದು ನಾಯಿ ಕಚ್ಚಿಸಿಕೊಂಡವರಿಗೇ ಹೊರತು ಕಚ್ಚುವ ಪಕ್ಷಕ್ಕಲ್ಲವೆಂದು ನಕ್ಕುಬಿಟ್ಟಿದ್ದ.

“ಮುಗೀತೇನು ನಾಟಕ?”

ಮನೆಯ ಒಡತಿ ತುಳಸಾಬಾಯಿ ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಕಟ್ಟುನಿಟ್ಟಾದ ಮಡಿಯ ಮುದುಕಿ. ನಾಯಿ ಒಂದು ಮೆಟ್ಟಿಲನ್ನೂ ಹತ್ತಕೂಡದೆಂಬ ಕರಾರಿನ ಮೇಲೆಯೇ ಅವರು ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. “ಓಣೀ ತುಂಬ ಕೇಳಿದಿ. ಮ್ಯಾಲ ಇದ್ದಾಕಿನ್ನ ಕೇಳಲಿಲ್ಲ.”

ಶಾಮಲಾ ತಬ್ಬಿಬ್ಬಾದಳು. ತುಳಸಾಬಾಯಿಯವರಿಗೂ ಅದೇ ಕಾಯಿಲೆ. ಅವರ ಇನ್ಸುಲಿನ್ ಸೀಸೆ ಇರುತ್ತಿದ್ದುದು ಅವಳ ಫ್ರಿಜ್ಜಿನಲ್ಲಿಯೇ. ಮೇಲಿನ ಗೂಡಿನಲ್ಲಿ ಅವರದು, ಕೆಳಗಿನದರಲ್ಲಿ ನಾಯಿಯದು. ದಿನವೂ ಎರಡನ್ನೂ ಕಾಣುತ್ತಿದ್ದವಳಿಗೆ ಇದೊಂದು ಹೊಳೆದಿರಲಿಲ್ಲ.

“ಅಲ್ರೀ, ನಿಮ್ಮ ಮಡಿ...”

“ಮಡಿ ನಂದು. ಅದನ್ನ ಹೆಂಗ ಕಾಯಬೇಕು ಅನ್ನೋದು ನನಗ ಗೊತ್ತದ. ಸೂಜಿ ಹಾಕಿದ ಮ್ಯಾಲೆ ಸ್ನಾನ ಮಾಡತೀನಿ.”

“ಹೊತ್ತಿಗೊಂದು ಸ್ನಾನ ಆದ್ರ ನೀರೆಲ್ಲಿಂದ ತರತೀರಿ? ನಳಾ ದಿನಾ ಬಿಟ್ಟು ದಿನಾ ಬರತದ.”

“ನೀವು ಇರೂದಿಲ್ಲಲಾ, ನಿಮ್ಮ ಪಾಲಿನ ನೀರೂ ನನಗ.” ತುಳಸಾಬಾಯಿ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕುಳಿತರು. “ಎರಡೂ ಸೀಸೆ ತಾ. ಇದು ಉಂಡದೋ ಇಲ್ಲೋ? ಉಣದಿದ್ರ ಹಾಕಬಾರದು. ಏಕಾದಶಿ ಬಂತಂದ್ರ ನನ್ನ ಡಾಕ್ಟರೂ ಅದನ್ನ ಬಡಕೋತಾನ. ಊಟಿಲ್ಲಂದ್ರ ಸೂಜೀನೂ ಇಲ್ಲ.”

ಉಂಡಿದೆಯೆಂದು ತಲೆಯಾಡಿಸಿ ಶಾಮಲಾ ಸೀಸೆಗಳನ್ನು ತಂದಿಟ್ಟಳು. ಪರಿಚಯವಿಲ್ಲದ ಕೈ ಕುತ್ತಿಗೆಗೆ ತಾಗಿದ್ದೇ ತಡ, ಗುಂಡ್ಯಾ ಹಲ್ಲು ತೋರಿಸಿ ಗುರುಗುಟ್ಟಿತು. “ಕಡೀತೈತ್ರಿ ಅಜ್ಜೀ!” ಎಂದು ಬಸವರಾಜ ನೆಲದಿಂದಲೇ ಕೂಗಿದ. ತುಳಸಾಬಾಯಿ ಕೈಯನ್ನು ಹಿಂದೆಗೆದರು, ಎದ್ದುಹೋಗಲಿಲ್ಲ. ತಮ್ಮ ಸಿರಿಂಜಿನಲ್ಲಿ ತಮ್ಮ ಔಷಧವನ್ನು ತುಂಬಿಕೊಂಡು, ಕುಪ್ಪಸದ ತೋಳನ್ನು ಮೇಲಕ್ಕೇರಿಸಿ, “ನೋಡಪಾ, ಮೊದಲ ನನಗ,” ಎನ್ನುತ್ತಾ ಎಡತೋಳಿಗೆ ಚುಚ್ಚಿಕೊಂಡರು. ರೆಪ್ಪೆಯೂ ಅಲುಗಲಿಲ್ಲ. ಆಮೇಲೆ ಆ ತೋಳನ್ನೇ ನಾಯಿಯ ಮೂಗಿನ ಬಳಿ ಹಿಡಿದರು. ಗುಂಡ್ಯಾ ಬಹಳ ಹೊತ್ತು ಮೂಸಿತು. ಗುರುಗುಟ್ಟುವುದನ್ನು ನಿಲ್ಲಿಸಿ ತಲೆ ತಗ್ಗಿಸಿತು. ಕುತ್ತಿಗೆಯ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ, ಅದರ ಸಿರಿಂಜಿನಿಂದ ಅದಕ್ಕೆ ಚುಚ್ಚಿದ್ದು ನೋಡುತ್ತಿದ್ದವರಿಗೂ ತಿಳಿಯದಷ್ಟು ಹಗುರವಾಗಿತ್ತು.

“ಅದರ ಸೂಜಿ ಅದಕ್ಕ, ನಂದು ನನಗ. ಇದೂ ಮಡೀನ,” ಎಂದು ತುಳಸಾಬಾಯಿ ಎದ್ದು ಸ್ನಾನಕ್ಕೆ ನಡೆದರು.

ಮದುವೆಯ ಮನೆಯಲ್ಲಿ ಶಾಮಲಾಳ ಮನಸ್ಸು ಕಳಸದಲ್ಲಿ ಅರ್ಧ, ಕಾಚಿಗುಡದಲ್ಲಿ ಅರ್ಧ. ಎಸ್‌ಟಿಡಿ ಬೂತಿಗೆ ಓಡಿ ಫೋನು ಮಾಡಿದರೆ ಆ ಕಡೆಯಿಂದ ಒಂದೇ ಉಸಿರಿನಲ್ಲಿ ತುಳಸಾಬಾಯಿಯವರ ಉತ್ತರ ಬಂತು: “ಉಂಡದ, ಹಾಕಿಸಿಕೊಂಡದ, ಮಲಗೇದ. ಫೋನ್ ಇಡು. ಕಳಸಾ ಗಟ್ಟಿ ಹಿಡಿ.”

ಕಾಚಿಗುಡಕ್ಕೆ ಮರಳಿದ ಮರುದಿನ ಬೆಳಿಗ್ಗೆ ಗುಂಡ್ಯಾ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ತಿಂದು ಮುಗಿಸಿತು. ಶಾಮಲಾ ಸಿರಿಂಜು ಹಿಡಿದು ಬಂದಳು. ಮೊದಲೆಲ್ಲ ತಾನಾಗಿ ಕುತ್ತಿಗೆಯೊಡ್ಡುತ್ತಿದ್ದ ನಾಯಿ ಈಗ ಒಂದು ಹೆಜ್ಜೆ ಹಿಂದೆ ಸರಿದು ಕುಳಿತುಕೊಂಡಿತು. ಅವಳ ಎಡಗೈಯನ್ನೇ ನೋಡತೊಡಗಿತು. ರಮಿಸಿದರೂ ಇಲ್ಲ, ಗದರಿಸಿದರೂ ಇಲ್ಲ.

“ಬಾಯಾರ, ಇದು ಹಾಕಿಸಿಕೊಳ್ಳವಲ್ದು!” ಎಂದು ಅವಳು ಕೂಗಿದಳು.

ತುಳಸಾಬಾಯಿ ಮೇಲಿನಿಂದ ಬಗ್ಗಿ ನೋಡಿದರು. “ನಿಂದು ಆತೇನು?”

“ನಂದೇನ್ರಿ?”

“ಮೊದಲ ನಾವು ಚುಚ್ಚಿಕೋಬೇಕು. ಆಮ್ಯಾಲೆ ಅದರ ಸರದಿ. ಹಂಗ ರೂಢಿ ಆಗೇದ ಅದಕ್ಕ.”

ಶಾಮಲಾಳಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. “ಮತ್ತ ನಡುವ ಏಕಾದಶಿ ಬಂತಲ್ರಿ? ಅವತ್ತು ನಿಮಗ ಊಟಾನೂ ಇಲ್ಲ, ಸೂಜೀನೂ ಇಲ್ಲ.”

“ಅದಕ್ಕೇನ ಗೊತ್ತು ಏಕಾದಶಿ? ಖಾಲಿ ಸೂಜಿ ಚುಚ್ಚಿಕೊಂಡೆ.”

“ಖಾಲೀದು?”

“ಔಷಧ ಇರಲಿಲ್ಲ. ನೋವು ಖರೇದ ಇತ್ತಲ್ಲ, ಅದಕ್ಕ ಮೋಸಾ ಹೆಂಗಾದೀತು?” ಎಂದು ತುಳಸಾಬಾಯಿ, ಅದೊಂದು ಮಾತೇ ಅಲ್ಲವೆಂಬಂತೆ, ಕಾಗದ ಬಿಚ್ಚದ ಹೊಸ ಸೂಜಿಯೊಂದನ್ನು ಮೇಲಿನಿಂದ ಅವಳ ಉಡಿಗೆ ಹಾಕಿದರು.

ಶಾಮಲಾ ಅದನ್ನು ಬಿಚ್ಚಿದಳು. ಎಡಗೈಯ ಮದುವೆಯ ಹಸಿರು ಬಳೆಗಳನ್ನು ಒಂದೊಂದಾಗಿ ಮೊಳಕೈಗೆ ಸರಿಸಿದಳು. ಬಳೆಯ ಸದ್ದು ನಿಲ್ಲುವವರೆಗೂ ಗುಂಡ್ಯಾ ಕಾದು ಕುಳಿತಿತ್ತು.