ಕಾಲುವೆಯಿಂದ ಬಂದ ಆಸನಗಳು

ಕೂರಲು ಹೊರಟ ಮದುಮಗಳು ಅರ್ಧದಲ್ಲೇ ನಿಂತಳು. ಬಿಳಿ ಬಟ್ಟೆ ಹೊದಿಸಿ ಕಸೂತಿ ದಿಂಬು ಇಟ್ಟಿದ್ದ ಆಸನದ ಮೂಲೆಯಲ್ಲಿ ನೀಲಿ ಬಣ್ಣದ ಗೀಟೊಂದು ಇಣುಕುತ್ತಿತ್ತು. ಆ ಗೀಟು ಎಳೆದವಳು ಅವಳೇ. ಮೆರ್ಸಿಹಾ ಬಟ್ಟೆ ಎತ್ತಿ ನೋಡಿದಳು: ಗೋಧಿ ಹುಲ್ಲಿನ ಪಿಂಡಿ. ಪಕ್ಕದ್ದೂ ಪಿಂಡಿಯೇ, ಅದಕ್ಕೂ ನೀಲಿ ಗೀಟು. ಹುಲ್ಲುಗಾವಲಿನ ಉದ್ದಕ್ಕೂ ಗಂಡಿನ ಕಡೆಯವರು ಬಕ್ಲಾವಾ ಸಿಹಿ ಮೆಲ್ಲುತ್ತ, ಅವಳು ಕೆಲಸ ಮಾಡುವ ಗಣಿಯ ಕಾಲುವೆಗೆ ಅಡ್ಡ ಇಡಿಸಿದ್ದ ತಡೆಗಳ ಮೇಲೆ ಆರಾಮಾಗಿ ಕೂತಿದ್ದರು.

"ಸೆನಾಹಿದ್ ಚಿಕ್ಕಪ್ಪ, ಇವೆಲ್ಲಾ ಎಲ್ಲಿಂದ ಬಂದ್ವು?"

ವರನ ಚಿಕ್ಕಪ್ಪ ಹೊಟ್ಟೆ ಸವರಿಕೊಂಡ. "ಮೆತ್ತಗಿವೆ ಅಲ್ವಾ? ಬಾಡಿಗೆ ಕುರ್ಚಿಯೋನು ಕೈಕೊಟ್ಟ. ನೋಡಿದ್ರೆ ಮೇಲ್ಗಡೆ ಗಣಿ ಕಾಲುವೇಲಿ ಸಾಲಾಗಿ ಬಿದ್ದಿದ್ವು, ಕೇಳೋರೇ ಇಲ್ಲ. ಯಾವನೋ ತಲೆಕೆಟ್ಟೋನು ಒಂದೊಂದಕ್ಕೂ ಗೂಟ ಬೇರೆ ಹೊಡೆದಿದ್ದ. ಕೀಳೋಷ್ಟರಲ್ಲಿ ನನ್ನ ಸೊಂಟ ಹೋಯ್ತು ಕಣಮ್ಮ."

"ಆ ತಲೆಕೆಟ್ಟೋಳು ನಾನೇ."

ಅವಳು ಆಕಾಶ ನೋಡಿದಳು. ಕಲ್ಲಿದ್ದಲಿಗಾಗಿ ಅಗೆದು ಸುರಿದ ಮಣ್ಣಿನ ಗುಡ್ಡದ ನೆತ್ತಿಗೆ ಮೋಡ ಆಗಲೇ ಬಂದು ಮುಟ್ಟಿತ್ತು. ಆ ಗುಡ್ಡದ ಮೇಲೆ ಬಿದ್ದ ಮಳೆ ಕಾಲುವೆಗಿಳಿಯುತ್ತದೆ. ಪಿಂಡಿಗಳು ಅಡ್ಡ ಇದ್ದರೆ ನೀರು ಅಲ್ಲಲ್ಲಿ ತಡೆದು ನಿಂತು, ಕರಿ ಕೆಸರನ್ನು ಅಲ್ಲೇ ಇಳಿಸಿ, ಕೆಳಗಿನ ಕೊಳದಲ್ಲಿ ತಿಳಿಯಾಗಿ ಆಮೇಲೆ ಹಳ್ಳಕ್ಕೆ ಹೋಗುತ್ತದೆ. ಪಿಂಡಿಗಳಿಲ್ಲದಿದ್ದರೆ ಕೊಳವನ್ನೂ ಹಾರಿ ಕೆಸರಿನ ಸಮೇತ ನುಗ್ಗುತ್ತದೆ. ಹಳ್ಳ ನೇರ ಹೋಗುವುದು ಅತ್ತೆ ರುವೈದಾಳ ಟ್ರೌಟ್ ಮೀನಿನ ತೊಟ್ಟಿಗಳಿಗೆ. ಮೆರ್ಸಿಹಾ ಗಣಿಯ ನೀರಿನ ಇಂಜಿನಿಯರಾಗಿ ಬರುವ ಮೊದಲು ಅಲ್ಲಿ ಎರಡು ಸಲ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದವು. ಮಗನ ಹಟಕ್ಕೆ ಮದುವೆಗೆ ಒಪ್ಪಿದ ರುವೈದಾ ಭಾವಿ ಸೊಸೆಯನ್ನು ಇಂದಿಗೂ ಕರೆಯುತ್ತಿದ್ದುದು "ಗಣಿಯವಳೇ" ಎಂದು. "ಇನ್ನೊಂದು ಸಲ ನನ್ನ ನೀರು ಕಪ್ಪಾಗ್ಲಿ, ಆಮೇಲೆ ನೀ ಯಾರೋ ನಾ ಯಾರೋ" ಎಂದು ಕಾಫಿ ಸುರಿಯುತ್ತಲೇ ಹೇಳಿದ್ದಳು.

ಮೆರ್ಸಿಹಾ ತೂಜ್ಲಾ ಪಟ್ಟಣದಿಂದ ಬಂದಿದ್ದ ಹಾಡುಗಾರನ ಕೈಯಿಂದ ಮೈಕು ಕಿತ್ತುಕೊಂಡಳು. "ಎಲ್ಲರೂ ಏಳಿ. ಕೋಲೊ ಕುಣಿಯೋಣ. ಇವತ್ತು ಕೈಗೆ ಕೈ ಬೇಡ, ಕೈಗೆ ಪಿಂಡಿ."

ಅಕಾರ್ಡಿಯನ್ ಶುರುವಾಯಿತು. ಕೈ ಹಿಡಿದು ಸುತ್ತಬೇಕಾದ ಸಾಲು ಹುಲ್ಲುಗಾವಲಿನಿಂದ ದಿಬ್ಬದ ಮೇಲಿನ ಕಾಲುವೆಯವರೆಗೆ ಹಾವಿನಂತೆ ಏರಿತು. ಮೂರು ಹೆಜ್ಜೆ ಬಲಕ್ಕೆ, ಒಂದು ಹಿಂದಕ್ಕೆ, ಪಿಂಡಿ ಮುಂದಕ್ಕೆ. ಹುಲ್ಲು ಅಜ್ಜಂದಿರ ಮೀಸೆಗೆ ಸಿಕ್ಕಿತು, ಅತ್ತಿಗೆಯರ ಕೊರಳಿಗೆ ಇಳಿಯಿತು. ಕಚಗುಳಿಯಾಗಿ ನಗತೊಡಗಿದವರು ನಿಲ್ಲಿಸಲಾರದೆ ಮುಂದಿನವರಿಗೂ ನಗು ಅಂಟಿಸಿದರು. ಮೆರ್ಸಿಹಾ ಲಂಗ ಮಂಡಿಗೆ ಕಟ್ಟಿ ಕಾಲುವೆಗೆ ಇಳಿದಳು.

"ಗೂಟ ಎಲ್ಲಿ ಚಿಕ್ಕಪ್ಪ?"

ಸೆನಾಹಿದ್ ಕೆಳಗೆ, ಬೆಂಕಿಯ ಮೇಲೆ ತಿರುಗುತ್ತಿದ್ದ ಇಡೀ ಕುರಿಯ ಕಡೆ ನೋಡಿದ. "ಒಣಗಿದ ಗೂಟ... ಬಲು ಚೆನ್ನಾಗಿ ಉರಿದ್ವು."

ಮದುಮಗ ನೆರ್ಮಿನ್ ಕಾಲುವೆಯ ದಂಡೆಯಲ್ಲೇ ಕುಸಿದು ಕೂತು ನಕ್ಕ. "ನಗೋದು ಆಮೇಲೆ, ಗೂಟಕ್ಕೆ ಎಲ್ಲರ ಛತ್ರಿ ಇಸ್ಕೊಂಡು ಬಾ" ಎಂದಳು ಅವಳು. ದಿಬ್ಬಣದ ಬಾವುಟದ ಕೋಲು, ಕಬಾಬಿನ ಕಂಬಿಗಳು, ಯಾರ್ಯಾರದೋ ಛತ್ರಿಗಳು, ಸಿಕ್ಕಿದ್ದೆಲ್ಲ ಗೂಟವಾಯಿತು. ಮೊದಲ ಹನಿ ಬಿದ್ದಾಗ ಛತ್ರಿಗಳಷ್ಟೂ ಪಿಂಡಿಯೊಳಗಿದ್ದವು.

ಕೊನೆಯ ಸಾಲಿಗೆ ಒಂದು ಪಿಂಡಿ ಕಮ್ಮಿ ಬಿತ್ತು. ಮೆರ್ಸಿಹಾ ಕೆಳಗೆ ನೋಡಿದಳು. ಬರಿದಾದ ಹುಲ್ಲುಗಾವಲಿನ ನಡುವೆ ರೇಷ್ಮೆ ಉಟ್ಟ ರುವೈದಾ ಒಬ್ಬಳೇ ತನ್ನ ಪಿಂಡಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

"ಅಮ್ಮಾ, ಏಳಮ್ಮ" ಎಂದು ನೆರ್ಮಿನ್ ಕೂಗಿದ.

"ನಾನು ಗಂಡಿನ ತಾಯಿ. ನಿಮ್ಮ ಗಣಿಗೋಸ್ಕರ ನೆಲದ ಮೇಲೆ ಕೂರೋಕೆ ಬಂದಿಲ್ಲ. ಗಣಿಯವಳಿಗೆ ಹೇಳು."

ಅಷ್ಟರಲ್ಲಿ ಗುಡ್ಡದಿಂದ ನೀರಿಳಿದ ಸದ್ದು ಕೇಳಿಸಿತು. ಮೆರ್ಸಿಹಾ ಖಾಲಿ ಜಾಗ ನೋಡಿದಳು, ಸೆನಾಹಿದನ ಸುತ್ತಳತೆ ನೋಡಿದಳು. ಅವನಿಗೆ ಅರ್ಥವಾಯಿತು. "ನಾನು ಕಿತ್ತಿದ್ದು, ನಾನೇ ತುಂಬ್ತೀನಿ" ಎಂದು ಹೋಗಿ ಸಂದಿನಲ್ಲಿ ಕುಕ್ಕರಿಸಿದ. ಬಿಗಿಯಾಗಿ ಕೂತ. ಕರಿ ನೀರು ಬಂದು ಬೆನ್ನಿಗೆ ಬಡಿದು, ನಿಂತು, ಯೋಚಿಸಿ, ಪಿಂಡಿಗಳೊಳಗೆ ಮೆಲ್ಲಗೆ ಜಿನುಗತೊಡಗಿತು. "ಅಯ್ಯೋ, ತಣ್ಣಗಿದೆ ಕಣ್ರೋ" ಎಂದು ಅವನು ಕಿರುಚಿದ. ಮೇಲಿನಿಂದ ಅಕಾರ್ಡಿಯನ್ನಿನವನು ಇನ್ನೂ ಜೋರಾಗಿ ಬಾರಿಸಿದ.

ಮಳೆ ಬಂದಷ್ಟೇ ಬೇಗ ಹೋಯಿತು. ಎಲ್ಲರೂ ಕೆಸರಿನ ಗೊಂಬೆಗಳಾಗಿ ಹಳ್ಳದ ಬಳಿ ಬಂದು ಬಗ್ಗಿದರು. ತೊಟ್ಟಿಗಳಿಗೆ ಹೋಗುವ ಕಿರುಗಾಲುವೆಯಲ್ಲಿ ನೀರು ತಿಳಿಯಾಗಿ, ತಳದ ಕಲ್ಲು ಕಾಣುವಂತೆ ಹರಿಯುತ್ತಿತ್ತು. ರುವೈದಾ ಎದ್ದು ಬಂದು ನೋಡಿದಳು. ಬೊಗಸೆಯಲ್ಲಿ ನೀರೆತ್ತಿ ಬೆಳಕಿಗೆ ಹಿಡಿದಳು. ಮತ್ತೆ ಅಲ್ಲಿಗೇ ಚೆಲ್ಲಿದಳು.

ಸೊಂಟದವರೆಗೆ ಕಪ್ಪಾಗಿದ್ದ ಮೆರ್ಸಿಹಾ ನಿಟ್ಟುಸಿರು ಬಿಟ್ಟು, ಕಿರುಗಾಲುವೆಯ ಅಂಚಿಗೆ ಕೂತು ಮದುವೆ ಲಂಗದ ಅಂಚನ್ನು ನೀರಿಗಿಳಿಸಹೊರಟಳು.

"ನಿಲ್ಲು ಸೊಸೆ."

ಮೆರ್ಸಿಹಾಳ ಕೈ ಗಾಳಿಯಲ್ಲೇ ನಿಂತಿತು. ರುವೈದಾ ಹುಲ್ಲುಗಾವಲಿಗೆ ವಾಪಸು ನಡೆದು, ತನ್ನ ಪಿಂಡಿಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದಳು. ಅದನ್ನು ಸೊಸೆಗಿಂತ ನಾಲ್ಕು ಮಾರು ಕೆಳಗೆ, ತೊಟ್ಟಿಗಳ ಕಡೆಗೆ, ಕಿರುಗಾಲುವೆಗೆ ಅಡ್ಡ ಇಳಿಸಿದಳು. ಗೂಟ ಹೊಡೆಯಲು ಸುತ್ತ ಒಂದು ಛತ್ರಿಯೂ ಉಳಿದಿರಲಿಲ್ಲ. ರೇಷ್ಮೆಯನ್ನು ಒಂಚೂರು ಎತ್ತಿ ಹಿಡಿದು, ಹರಿಯುವ ನೀರಿನ ನಡುವೆ ಅದರ ಮೇಲೆ ತಾನೇ ಕೂತಳು.

"ಹೂಂ, ಈಗ ತೊಳ್ಕೋ."